ಬ್ರಿಟಿಷ್ ಯುದ್ಧಕಾಲದ ಟ್ಯಾಂಕನ್ನು ಟರೆಟ್ ರಿಂಗಿನಿಂದ ಅಳೆದು ನೋಡುವ ಕ್ರಮ

ಎರಡನೇ ಮಹಾಯುದ್ಧದ ಬ್ರಿಟಿಷ್ ಟ್ಯಾಂಕುಗಳ ಮಾತು ಬಂದರೆ ಸಾಕು, 'ತೋಪು ತೀರಾ ಸಣ್ಣದಿತ್ತು' ಎಂಬ ದೂರು ಕೇಳಿಬರುತ್ತದೆ. ದೂರು ಸುಳ್ಳಲ್ಲ, ಆದರೆ ಬೆರಳು ತೋರಿಸುತ್ತಿರುವುದು ತಪ್ಪು ಜಾಗಕ್ಕೆ. 1940ರಲ್ಲಿ 2 ಪೌಂಡರ್ ತೋಪು (ಪೌಂಡರ್ ಎಂಬ ಹೆಸರು ಗುಂಡಿನ ಸುಮಾರು ತೂಕದಿಂದ ಬಂದದ್ದು) ಜರ್ಮನರ 37 ಮಿ.ಮೀ. ತೋಪಿಗಿಂತ ಚೆನ್ನಾಗಿ ಕವಚ ಭೇದಿಸುತ್ತಿತ್ತು. 6 ಪೌಂಡರ್ ಒಳ್ಳೆಯ ತೋಪು. 17 ಪೌಂಡರ್ ಅಂತೂ ಮಿತ್ರಪಕ್ಷಗಳ ಬಳಿ ಇದ್ದ ಅತ್ಯುತ್ತಮ ಟ್ಯಾಂಕ್ ನಿರೋಧಕ ತೋಪುಗಳಲ್ಲಿ ಒಂದು. ಇಷ್ಟೆಲ್ಲ ಇದ್ದೂ ಸರಿಯಾದ ತೋಪು ಸರಿಯಾದ ವರ್ಷದಲ್ಲಿ ಸರಿಯಾದ ಟ್ಯಾಂಕಿನ ಮೇಲೆ ಕೂರಲಿಲ್ಲ. ತೋಪು ಕೂರಬೇಕಾದ ತೂತಿನ ಅಗಲ, ಅದನ್ನು ತೂಗಿಸುವ ರೀತಿ, ಟರೆಟ್ಟಿನಲ್ಲಿ (ತೋಪು ಹೊತ್ತು ತಿರುಗುವ ಮೇಲಿನ ಗೋಪುರದಲ್ಲಿ) ಇರಬೇಕಾದ ಜನರ ಲೆಕ್ಕ, ಈ ಮೂರನ್ನೂ ಚಿಕ್ಕ ತೋಪಿಗೆ ತಕ್ಕಂತೆ ಬಿಗಿಯಾಗಿ ನಿಗದಿ ಮಾಡಿಬಿಟ್ಟದ್ದೇ ಕಾರಣ.

ಇದನ್ನು ಓದಿ ಒಪ್ಪಿಕೊಳ್ಳಬೇಕಿಲ್ಲ, ಅಳೆದೇ ನೋಡಬಹುದು. ಅಳತೆಯುಳ್ಳ ನಕ್ಷೆಗಳು, ಒಂದು ಗ್ರಾಫ್ ಹಾಳೆ, ರಟ್ಟು, ಗುಂಡುಸೂಜಿ, ಸ್ಕೇಲು ಇದ್ದರೆ ಮನೆಯಲ್ಲೇ ಕೆಲಸ ಶುರು. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಮ್ಮಿನಂಥ ಕಡೆ ಹೋಗುವ ಅವಕಾಶ ಸಿಕ್ಕವರು ಇದೇ ಕ್ರಮದಲ್ಲಿ ಅಸಲು ವಾಹನವನ್ನೂ ನೋಡಬಹುದು.

ಮೊದಲು ಮಾರ್ಕ್ ಸಂಖ್ಯೆ ಖಚಿತಪಡಿಸಿಕೊಳ್ಳಿ

ಮಾರ್ಕ್ ಅಂದರೆ ಒಂದೇ ಟ್ಯಾಂಕಿನ ಬೇರೆ ಬೇರೆ ಆವೃತ್ತಿಗಳಿಗೆ ಕೊಟ್ಟ ಸಂಖ್ಯೆ. 'ಚರ್ಚಿಲ್' ಅಥವಾ 'ವ್ಯಾಲೆಂಟೈನ್' ಎಂದಷ್ಟೇ ಬರೆದುಕೊಂಡರೆ ಮುಂದಿನ ಅಳತೆಯೆಲ್ಲ ವ್ಯರ್ಥ. ಒಂದೇ ಹೆಸರಿನ ಟ್ಯಾಂಕಿನಲ್ಲಿ ಮೂರು ನಾಲ್ಕು ಬಗೆಯ ತೋಪುಗಳು ಬಂದಿವೆ. ಚರ್ಚಿಲ್ ಮಾರ್ಕ್ 1ರ ಟರೆಟ್ಟಿನಲ್ಲಿ 2 ಪೌಂಡರ್ ಇದ್ದರೆ ಹಲ್ಲಿನ (ಹಲ್ ಅಂದರೆ ಟರೆಟ್ಟಿನ ಕೆಳಗಿನ ಟ್ಯಾಂಕಿನ ಒಡಲು) ಮುಂಭಾಗದಲ್ಲಿ 3 ಇಂಚಿನ ಹೊವಿಟ್ಜರ್, ಅಂದರೆ ಗಿಡ್ಡ ನಳಿಗೆಯ ತೋಪು. ಮಾರ್ಕ್ 3 ಮತ್ತು 4ರಲ್ಲಿ 6 ಪೌಂಡರ್, ಮಾರ್ಕ್ 7ರಲ್ಲಿ 75 ಮಿ.ಮೀ. ತೋಪು. ಮಾರ್ಕ್ 3ರ ಟರೆಟ್ ಬೆಸುಗೆಯದ್ದು, ಮಾರ್ಕ್ 4ರದ್ದು ಎರಕದ್ದು. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ನಳಿಗೆಯ ಮೂತಿ ನೋಡಿ ತೋಪು ಗುರುತಿಸುವುದು ಕಷ್ಟವಲ್ಲ. ತೆಳ್ಳಗೆ, ಮೂತಿಯಲ್ಲಿ ಏನೂ ಇಲ್ಲದೆ ಇದ್ದರೆ 2 ಪೌಂಡರ್. 6 ಪೌಂಡರಿನಲ್ಲಿ ಎರಡು ಉದ್ದಗಳಿವೆ: ಮಾರ್ಕ್ 3 ತೋಪು ವ್ಯಾಸದ 43 ಪಟ್ಟು, ಮಾರ್ಕ್ 5 ತೋಪು 50 ಪಟ್ಟು. ಉದ್ದದ ತೋಪಿನ ಮೂತಿಯಲ್ಲಿ ಉಂಗುರದಂಥ ತೂಕದ ಬಳೆ ಕಾಣುತ್ತದೆ. ಅದು ಮಝಲ್ ಬ್ರೇಕ್ (ಒದೆತ ತಗ್ಗಿಸಲು ಮೂತಿಗೆ ಹಾಕುವ ತೂತುಗಳ ತುಂಡು) ಅಲ್ಲ, ತಕ್ಕಡಿ ಸಮ ಮಾಡುವ ತೂಕ. ಅದೇಕೆ ಬೇಕಾಯಿತು ಎಂಬುದು ಕೆಳಗೆ ಬರುತ್ತದೆ. ಅದೇ ಗಾತ್ರದ ನಳಿಗೆಗೆ ಮಝಲ್ ಬ್ರೇಕ್ ಇದ್ದರೆ ಅದು ಬ್ರಿಟಿಷ್ 75 ಮಿ.ಮೀ. ತೋಪು. ಮೊಂಡಾಗಿ, ದಪ್ಪಗೆ ಇದ್ದರೆ 95 ಮಿ.ಮೀ. ಹೊವಿಟ್ಜರ್. 17 ಪೌಂಡರ್ ನಳಿಗೆ ವ್ಯಾಸದ 55 ಪಟ್ಟು, ಅಂದರೆ 4.19 ಮೀಟರ್ ಉದ್ದ. ಅದನ್ನು ನೋಡಿ ಬೇರೆ ಯಾವುದೋ ಎಂದು ತಪ್ಪು ತಿಳಿಯುವ ಸಂಭವ ಕಡಿಮೆ.

ಪ್ರದರ್ಶನಕ್ಕಿಟ್ಟ ಟ್ಯಾಂಕುಗಳಲ್ಲಿ ಒಂದು ಎಚ್ಚರ ಬೇಕು. ಒಂದು ಮಾರ್ಕಿನ ಹಲ್ಲಿನ ಮೇಲೆ ಇನ್ನೊಂದರ ಟರೆಟ್ ಕೂರಿಸಿರುವುದು, ನಳಿಗೆಯ ಬದಲು ಬರಿಯ ಕೊಳವೆ ಸಿಕ್ಕಿಸಿರುವುದು ಅಪರೂಪವಲ್ಲ. ಬ್ರೀಚ್ (ತೋಪಿಗೆ ಗುಂಡು ತುಂಬುವ ಹಿಂಬದಿ) ಕಾಣದ ಹೊರತು ನಳಿಗೆಯ ಅಳತೆಯನ್ನು ನಂಬಬೇಡಿ.

ರಿಂಗಿನ ಅಳತೆ

ಟರೆಟ್ ತಿರುಗುವ ಬಾಲ್ ಬೇರಿಂಗ್ ಉಂಗುರವೇ ಟರೆಟ್ ರಿಂಗ್. ಇದರ ಅಗಲವನ್ನು ಕೆಲವರು ಒಳಗಿನ ತೆರವಿನಿಂದ ಅಳೆಯುತ್ತಾರೆ, ಕೆಲವರು ಬೇರಿಂಗಿನ ಗುಂಡುಗಳು ಓಡುವ ದಾರಿಯ ನಡುವಿನಿಂದ. ಎರಡರ ನಡುವೆ ಎರಡು ಮೂರು ಇಂಚು ವ್ಯತ್ಯಾಸ ಬಂದುಬಿಡುತ್ತದೆ. ಒಂದೇ ಟ್ಯಾಂಕಿಗೆ ಎರಡು ಅಂಕಿ ಕಂಡಾಗ ಗಾಬರಿ ಬೇಡ, ಯಾವ ಅಳತೆ ಎಂದು ಪಕ್ಕದಲ್ಲಿ ಬರೆದುಕೊಳ್ಳಿ, ಹೋಲಿಸುವಾಗ ಎಲ್ಲ ಟ್ಯಾಂಕಿಗೂ ಒಂದೇ ರೀತಿಯದನ್ನು ಬಳಸಿ.

ಹೋಲಿಕೆಗೆ ಬೇಕಾದ ಅಂಕಿಗಳು ಇವು. ಮಟಿಲ್ಡಾ 2ರ ರಿಂಗ್ 54 ಇಂಚು, ಅಂದರೆ 1372 ಮಿ.ಮೀ. ಕ್ರೂಸೇಡರಿನ ನಂತರದ ಕ್ರೂಸರ್ (ವೇಗದ) ಟ್ಯಾಂಕಿಗೆ, ಕೊನೆಗೆ ಕ್ರಾಮ್‌ವೆಲ್ ಆಗಿ ಬೆಳೆದದ್ದಕ್ಕೆ, 6 ಪೌಂಡರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದು 60 ಇಂಚು, 1524 ಮಿ.ಮೀ. ಕಾಮೆಟ್ಟಿನದು 64 ಇಂಚು, 1626 ಮಿ.ಮೀ. ಅಮೆರಿಕದ ಶೆರ್ಮನ್ನಿನದು 69 ಇಂಚು, 1753 ಮಿ.ಮೀ. ಸೋವಿಯತ್ ಟಿ-34ಕ್ಕೆ 1420 ಮಿ.ಮೀ. ಇತ್ತು. 85 ಮಿ.ಮೀ. ತೋಪು ಹಾಕಬೇಕಾದಾಗ ಅವರು ಅದನ್ನು 1600ಕ್ಕೆ ಹಿಗ್ಗಿಸಿದರು.

ಈ ಅಂಕಿಗಳಿಗೆ ಅರ್ಥ ಬರುವುದು ಗುಂಡಿನ ಅಳತೆಯನ್ನು ಪಕ್ಕದಲ್ಲಿ ಇಟ್ಟಾಗ. 2 ಪೌಂಡರಿನ ಹಿತ್ತಾಳೆ ಖೋಲಿನ ಉದ್ದ 304 ಮಿ.ಮೀ., 6 ಪೌಂಡರಿನದು 441, ಅಮೆರಿಕದ 75 ಮಿ.ಮೀ. ಗುಂಡಿನದು 350, ಕಾಮೆಟ್ಟಿನ 77 ಮಿ.ಮೀ. ತೋಪಿನದು 420, 17 ಪೌಂಡರಿನದು 583. ಇದು ಬರೀ ಖೋಲು. ಮುಂದೆ ಚಾಚಿಕೊಂಡ ಗುಂಡು ಸೇರಿದರೆ ಇನ್ನೂ ಉದ್ದ. ಲೋಡರ್, ಅಂದರೆ ಗುಂಡು ತುಂಬುವವನು, ಈ ಇಡೀ ಉದ್ದವನ್ನು ಬ್ರೀಚಿನ ಹಿಂದೆ ತಿರುಗಿಸಿ, ನೇರ ಮಾಡಿ, ಒಳಗೆ ತಳ್ಳಬೇಕು. ಟ್ಯಾಂಕ್ ಕುಲುಕುತ್ತಿರುವಾಗ, ಬೆಂಕಿಯ ಹೊಗೆಯ ನಡುವೆ.

ರಟ್ಟಿನ ತೋಪು

ಇದು ಇಡೀ ಕೆಲಸದ ಹೃದಯ. ನಿಧಾನವಾಗಿ ಮಾಡಿ.

1:10 ಪ್ರಮಾಣ ಇಟ್ಟುಕೊಳ್ಳಿ, ಲೆಕ್ಕ ಸಲೀಸು. ಗ್ರಾಫ್ ಹಾಳೆಯ ಮೇಲೆ ಟರೆಟ್ಟನ್ನು ಪಕ್ಕದಿಂದ ಕಂಡಂತೆ ಬರೆಯಿರಿ: ಕೆಳಗೆ ರಿಂಗಿನ ಗೆರೆ (ಶೆರ್ಮನ್ನಿಗೆ 175 ಮಿ.ಮೀ., ಕ್ರಾಮ್‌ವೆಲ್ಲಿಗೆ 152, ಮಟಿಲ್ಡಾಗೆ 137), ಮೇಲೆ ಚಾವಣಿ, ಮುಂದೆ ಮುಖದ ತಗಡು. ಎಲ್ಲವನ್ನೂ ನಕ್ಷೆಯಿಂದ ಅಳೆದು ತೆಗೆಯಿರಿ. ಟ್ರನಿಯನ್ ಎಲ್ಲಿದೆ ಎಂದು ಗುರುತು ಹಾಕಿ. ತೋಪು ಮೇಲೆ ಕೆಳಗೆ ತೂಗುವ ಅಡ್ಡ ಅಚ್ಚುಗಳೇ ಟ್ರನಿಯನ್. ರಟ್ಟಿನಲ್ಲಿ ತೋಪಿನ ಪಕ್ಕದ ಆಕಾರ ಕತ್ತರಿಸಿ, ಟ್ರನಿಯನ್ ಬಿಂದುವಿನಲ್ಲಿ ಗುಂಡುಸೂಜಿ ಚುಚ್ಚಿ ಹಾಳೆಗೆ ಸಿಕ್ಕಿಸಿ.

ಈಗ ನಾಲ್ಕು ಪರೀಕ್ಷೆ. ಮೂತಿಯನ್ನು ಕೆಳಕ್ಕೆ ಬಾಗಿಸಿ, ಬ್ರೀಚ್ ಮೇಲೆದ್ದು ಚಾವಣಿಗೆ ತಾಗುವ ಕೋನ ಬರೆದುಕೊಳ್ಳಿ. ಮೂತಿಯನ್ನು ಮೇಲೆತ್ತಿ, ಬ್ರೀಚ್ ಕೆಳಗಿಳಿದು ರಿಂಗಿನ ಹಿಂಬದಿಗೆ ತಾಗುವುದೋ ನೋಡಿ. ಆಮೇಲೆ ಸೂಜಿ ತೆಗೆದು, ಅದೇ ಕೋನದಲ್ಲಿ ರಟ್ಟನ್ನು ತೋಪು ಹಿಂದೆ ಒದೆಯುವಷ್ಟು ದೂರ ಸರಿಸಿ. ಕೊನೆಗೆ, ಸೂಜಿಯನ್ನು ಮೊದಲಿನ ಜಾಗಕ್ಕೆ ಚುಚ್ಚಿ, ಗುಂಡಿನ ಉದ್ದದ ಇನ್ನೊಂದು ರಟ್ಟಿನ ಪಟ್ಟಿ ಕತ್ತರಿಸಿ ಬ್ರೀಚಿನ ಬಾಯಿಗೆ ನೇರವಾಗಿ ಹಿಡಿಯಿರಿ. ಪಟ್ಟಿಗೆ ಜಾಗ ಸಾಲದಿದ್ದರೆ ಆ ತೋಪು ಆ ಟರೆಟ್ಟಿನಲ್ಲಿ ಕೂತರೂ ಪ್ರಯೋಜನವಿಲ್ಲ.

ಮೂರನೆಯ ಪರೀಕ್ಷೆಯನ್ನು ಶೆರ್ಮನ್ ಟರೆಟ್ಟಿನಲ್ಲಿ ಎಳೆದೊಯ್ಯುವ 17 ಪೌಂಡರ್ ಇಟ್ಟು ಮಾಡಿ ನೋಡಿ. ಆ ತೋಪು ಹಿಂದೆ ಸರಿಯುತ್ತಿದ್ದ ದೂರ ಸುಮಾರು 40 ಇಂಚು, ನಿಮ್ಮ ಹಾಳೆಯಲ್ಲಿ 102 ಮಿ.ಮೀ. ಇಡೀ ರಿಂಗಿನ ಗೆರೆಯೇ 175. ಅರ್ಧಕ್ಕಿಂತ ಹೆಚ್ಚು ಜಾಗ ಬರೀ ಒದೆತಕ್ಕೆ ಹೋಯಿತು, ಬ್ರೀಚಿನ ಉದ್ದ ಇನ್ನೂ ಲೆಕ್ಕಕ್ಕೆ ಬಂದಿಲ್ಲ. 'ಶೆರ್ಮನ್ ದೊಡ್ಡದು, 17 ಪೌಂಡರನ್ನು ಹಾಗೇ ತುರುಕಿದರು' ಎಂದು ಹೇಳುವವರಿಗೆ ಈ ರಟ್ಟು ತೋರಿಸಿದರೆ ಸಾಕು.

ಅಲ್ಲಿ ನಡೆದದ್ದು ಹೀಗೆ. ಲಲ್‌ವರ್ಥ್‌ನ ಗನ್ನರಿ ಶಾಲೆಯಲ್ಲಿ ಜಾರ್ಜ್ ಬ್ರೈಟಿ ಎಂಬ ಅಧಿಕಾರಿ ಒದೆತ ತಡೆಯುವ ವ್ಯವಸ್ಥೆಯನ್ನೇ ಕಿತ್ತುಹಾಕಿ, ತೋಪನ್ನು ಬಿಗಿದು, ಇಡೀ ಟ್ಯಾಂಕೇ ಒದೆತ ತಿನ್ನುವಂತೆ ಮಾಡಲು ಹೊರಟಿದ್ದರು. ಇದು ಬಹಳ ದಿನ ಬಾಳುವ ದಾರಿಯಲ್ಲ, ಪ್ರತಿ ಗುಂಡಿನ ಪೆಟ್ಟೂ ಟ್ರನಿಯನ್ನಿಗೂ ರಿಂಗಿಗೂ ಬೀಳುತ್ತದೆ. ಅವರೂ ಇನ್ನೊಬ್ಬ ಅಧಿಕಾರಿ ಜಾರ್ಜ್ ವಿದರಿಜ್‌ರೂ ಹಟ ಹಿಡಿದು ವಿಷಯವನ್ನು ಮೇಲಿನವರ ತನಕ ಒಯ್ದ ಮೇಲೆ ವಿಕರ್ಸ್ ಎಂಜಿನಿಯರ್ ಡಬ್ಲ್ಯು.ಜಿ.ಕೆ. ಕಿಲ್ಬರ್ನ್ ಹೊಸ ಜೋಡಣೆ ರೂಪಿಸಿದರು: ಒದೆತದ ಸಿಲಿಂಡರುಗಳನ್ನು ಗಿಡ್ಡ ಮಾಡಿ ತೋಪಿನ ಎರಡು ಬದಿಗೆ ಇಟ್ಟರು, ತೋಪಿನ ತೊಟ್ಟಿಲನ್ನು ಗಿಡ್ಡಗೊಳಿಸಿದರು, ಬ್ರೀಚನ್ನು 90 ಡಿಗ್ರಿ ತಿರುಗಿಸಿ ಎಡಗಡೆಯಿಂದ ಗುಂಡು ತುಂಬುವಂತೆ ಮಾಡಿದರು. ಹಿಂದೆ ಇದ್ದ ರೇಡಿಯೊಗೆ ಜಾಗ ಇಲ್ಲವಾದ್ದರಿಂದ ಟರೆಟ್ಟಿನ ಬೆನ್ನಿಗೆ ತೂತು ಕೊರೆದು, ಹೊರಗೆ ಕವಚದ ಪೆಟ್ಟಿಗೆ ಬೆಸೆದು ಅದರಲ್ಲಿ ರೇಡಿಯೊ ಇಟ್ಟರು. ಆ ಪೆಟ್ಟಿಗೆ ಉದ್ದ ನಳಿಗೆಗೆ ಸಮತೂಕವೂ ಆಯಿತು. ಲೋಡರ್ ಹೊರಬರಲು ದಾರಿಯೇ ಮುಚ್ಚಿಹೋಗಿತ್ತು, ಅವನಿಗೆ ಚಾವಣಿಯಲ್ಲಿ ಹೊಸ ಹ್ಯಾಚ್ ಕತ್ತರಿಸಿದರು. ಮುಂದೆ ಕೂರುತ್ತಿದ್ದ ಮೆಷಿನ್ ಗನ್ನಿನವನನ್ನು ಇಳಿಸಿ ಆ ಜಾಗದಲ್ಲಿ ಗುಂಡು ಪೇರಿಸಿದರು. ಇದೇ ಫೈರ್‌ಫ್ಲೈ. 2,000ಕ್ಕೂ ಹೆಚ್ಚು ಟ್ಯಾಂಕುಗಳು ಹೀಗೆ ಬದಲಾದವು. ನಿಮ್ಮ ಹಾಳೆಯ ಮೇಲೆ ಈ ಬದಲಾವಣೆಗಳನ್ನು ಒಂದೊಂದಾಗಿ ಮಾಡುತ್ತ ಹೋದರೆ, ಯಾವುದನ್ನು ಬಿಟ್ಟರೂ ತೋಪು ಕೂರುವುದಿಲ್ಲ ಎಂಬುದು ಕಾಣುತ್ತದೆ. ಆ ಎಂಜಿನಿಯರಿಂಗ್ ಕೆಲಸಕ್ಕೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ರಿಂಗ್ ಏಕೆ ಹಿಗ್ಗಲಿಲ್ಲ: ಅಡ್ಡ ಸೀಳು ಬರೆಯಿರಿ

ಸಾಮಾನ್ಯವಾಗಿ ಸಿಗುವ ಉತ್ತರ, 'ಬ್ರಿಟಿಷ್ ರೈಲಿನ ಸುರಂಗ, ಪ್ಲಾಟ್‌ಫಾರಂಗಳ ನಡುವೆ ಹಾಯಬೇಕಿತ್ತು, ಅಗಲ ಮಿತಿ ಇತ್ತು' ಎಂಬುದು. ಮಿತಿ ಇದ್ದದ್ದು ನಿಜ. ಮಟಿಲ್ಡಾ 2.59 ಮೀಟರ್ ಅಗಲ, ವ್ಯಾಲೆಂಟೈನ್ 2.63. ಆದರೆ ಶೆರ್ಮನ್ನಿನ ಅಗಲ ಎಷ್ಟು? 2.62 ಮೀಟರ್! ಅಷ್ಟೇ ಅಗಲದಲ್ಲಿ 69 ಇಂಚಿನ ರಿಂಗ್ ಹಿಡಿದಿದೆ. ಹಾಗಾದರೆ ರೈಲಿನ ನೆಪ ಅರ್ಧ ಸತ್ಯವಷ್ಟೆ.

ಮಿಕ್ಕರ್ಧ ತಿಳಿಯಲು ಟ್ಯಾಂಕನ್ನು ಎದುರಿನಿಂದ ಅಡ್ಡ ಸೀಳಿದಂತೆ ಬರೆಯಿರಿ. ಶೆರ್ಮನ್ನಿನ ಎರಡು ಟ್ರ್ಯಾಕ್‌ಗಳು ತಲಾ ಸುಮಾರು 42 ಸೆಂ.ಮೀ. ಕಳೆದರೆ ನಡುವೆ ಉಳಿಯುವುದು 178 ಸೆಂ.ಮೀ. 175 ಸೆಂ.ಮೀ. ರಿಂಗನ್ನು ಅದರ ಚಾಚು, ಬೋಲ್ಟು, ಪಕ್ಕದ ತಗಡುಗಳ ಸಮೇತ ಆ ನಡುವೆ ಇಡಲಾಗದು. ಅಮೆರಿಕನ್ನರು ಹಲ್ಲಿನ ಮೇಲ್ಭಾಗವನ್ನು ಟ್ರ್ಯಾಕ್‌ಗಳ ಮೇಲೆ ಎರಡೂ ಬದಿಗೆ ಚಾಚಿ ರಿಂಗಿಗೆ ಜಾಗ ಮಾಡಿಕೊಂಡರು. ಸಸ್ಪೆನ್ಷನ್ನನ್ನು (ಕುಲುಕಾಟ ತಡೆಯುವ ಸ್ಪ್ರಿಂಗುಗಳನ್ನು) ಹೊರಗೆ ಬೋಗಿಗಳಲ್ಲಿ, ಅಂದರೆ ಚಕ್ರಜೋಡಿಗಳ ಚೌಕಟ್ಟಿನಲ್ಲಿ, ಇಟ್ಟರು. ಅದಕ್ಕೆ ತೆತ್ತ ಬೆಲೆ ಎತ್ತರ: ಶೆರ್ಮನ್ ಸುಮಾರು 2.74 ಮೀಟರ್, ವ್ಯಾಲೆಂಟೈನ್ 2.27.

ಈಗ ಕ್ರಾಮ್‌ವೆಲ್ ಬರೆಯಿರಿ. ಅಗಲ 2.91 ಮೀಟರ್, ಶೆರ್ಮನ್ನಿಗಿಂತ ಹೆಚ್ಚೇ. 15.5 ಇಂಚಿನ ಎರಡು ಟ್ರ್ಯಾಕ್ ಕಳೆದರೆ ಉಳಿಯುವುದು ಸುಮಾರು 212 ಸೆಂ.ಮೀ. ಆದರೆ ಕ್ರಿಸ್ಟಿ ಮಾದರಿಯ ಸಸ್ಪೆನ್ಷನ್ನಿನ ಉದ್ದ ಸ್ಪ್ರಿಂಗುಗಳು ಹಲ್ಲಿನ ಎರಡು ಪದರ ಪಕ್ಕತಗಡುಗಳ ನಡುವೆ ಕೂತಿವೆ. ಎರಡೂ ಬದಿಯ ಪದರ, ಸ್ಪ್ರಿಂಗು ಎಲ್ಲ ಕಳೆದ ಮೇಲೆ ಉಳಿಯುವ ಒಳಗಲದಲ್ಲಿ 60 ಇಂಚೇ ಹೆಚ್ಚು. ಮೇಲ್ಭಾಗವನ್ನೂ ಟ್ರ್ಯಾಕ್ ಮೇಲೆ ಚಾಚಲಿಲ್ಲ. ಎ13 ಎಂಬ ಹಿಂದಿನ ಕ್ರೂಸರಿನಿಂದ ಕ್ರೂಸೇಡರ್, ಕ್ರಾಮ್‌ವೆಲ್ ತನಕ ಇದೇ ಕಥೆ. ವೇಗಕ್ಕಾಗಿ ಆರಿಸಿದ ಸ್ಪ್ರಿಂಗು ತೋಪಿನ ಭವಿಷ್ಯವನ್ನು ತಿಂದುಹಾಕಿತು. ಚರ್ಚಿಲ್ಲಿನಲ್ಲಿ ಟ್ರ್ಯಾಕ್ ಇಡೀ ಹಲ್ಲನ್ನು ಸುತ್ತಿ ಮೇಲಿನಿಂದ ಹಾಯುತ್ತದೆ, ಟರೆಟ್ ಅವುಗಳ ನಡುವೆಯೇ ಕೂರಬೇಕು. ಅದಕ್ಕೆ 17 ಪೌಂಡರ್ ಹಾಕಬೇಕಾದಾಗ ಹಲ್ಲನ್ನೇ ಅಗಲ ಮಾಡಿ ಬ್ಲಾಕ್ ಪ್ರಿನ್ಸ್ ಕಟ್ಟಬೇಕಾಯಿತು. ತೂಕ 50 ಟನ್ ಮುಟ್ಟಿತು, ಎಂಜಿನ್ ಮಾತ್ರ ಹಳೆಯ 350 ಅಶ್ವಶಕ್ತಿಯದೇ. ಆರು ಮಾದರಿಗಳಿಗೇ ನಿಂತಿತು.

ಎತ್ತರ ತಗ್ಗಿಸುವ ಹಟ ಎಲ್ಲಿಗೆ ಒಯ್ಯುತ್ತದೆ ಎಂದು ನೋಡಬೇಕಾದರೆ ಕವನೆಂಟರ್ ಟ್ಯಾಂಕಿನ ಎಂಜಿನ್ ನಕ್ಷೆ ತೆರೆಯಿರಿ. ಚಪ್ಪಟೆ ಮೆಡೋಸ್ ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ ಚಾಲಕನ ಪಕ್ಕದಲ್ಲಿ, ಬಿಸಿನೀರಿನ ಕೊಳವೆಗಳು ಜನ ಕೂರುವ ಜಾಗದ ಮೂಲಕ. 1,771 ಟ್ಯಾಂಕುಗಳನ್ನು ಕಟ್ಟಿದರು, ತೋಪಿನ ಟ್ಯಾಂಕಾಗಿ ಅವು ಯುದ್ಧಕ್ಕೆ ಇಳಿಯಲೇ ಇಲ್ಲ.

ಹೆಗಲೋ ಗಿಯರೋ

ಟರೆಟ್ಟಿನೊಳಗೆ ಗನ್ನರ್ (ಗುರಿಯಿಟ್ಟು ಹೊಡೆಯುವವನು) ಕೂರುವ ಜಾಗದಲ್ಲಿ ತೋಪಿಗೆ ಜೋಡಿಸಿದ ಹೆಗಲಾನಿಕೆ ಕಂಡರೆ ಅದು ಮುಕ್ತ ಏರಿಳಿತದ ಜೋಡಣೆ. ಕೈಚಕ್ರ, ಹಲ್ಲುಚಕ್ರ ಕಂಡರೆ ಗಿಯರಿನ ಜೋಡಣೆ. ಯುದ್ಧಕ್ಕೆ ಮುಂಚಿನ ಬ್ರಿಟಿಷ್ ತರಬೇತಿ ಓಡುತ್ತಲೇ ಗುಂಡು ಹಾರಿಸಬೇಕು ಎನ್ನುತ್ತಿತ್ತು. ಟ್ಯಾಂಕ್ ಕುಲುಕಿದರೂ ಗನ್ನರ್ ಹೆಗಲಿನಿಂದ ತೋಪನ್ನು ಒತ್ತಿ ಹಿಡಿದು ಗುರಿಯ ಮೇಲೆ ನಿಲ್ಲಿಸುತ್ತಾನೆ ಎಂಬುದು ಲೆಕ್ಕಾಚಾರ. 2 ಪೌಂಡರಿನಂಥ ಹಗುರ ತೋಪಿನಲ್ಲಿ ನುರಿತ ಕೈಗೆ ಇದು ಸಾಧ್ಯವೂ ಆಗಿತ್ತು.

ಆದರೆ ಹೆಗಲಿನಿಂದ ಎತ್ತಿಳಿಸಬೇಕಾದರೆ ತೋಪು ಟ್ರನಿಯನ್ನಿನ ಮೇಲೆ ಹೆಚ್ಚುಕಡಿಮೆ ಸಮತೂಕದಲ್ಲಿರಬೇಕು. ಅಂದರೆ ಟ್ರನಿಯನ್ ಹಿಂದಕ್ಕೆ ಸರಿಯಬಾರದು, ಬ್ರೀಚಿನ ತೂಕ, ಉದ್ದ ಟರೆಟ್ಟಿನ ಒಳಕ್ಕೇ ಚಾಚಬೇಕು. ಮೊದಲೇ ಚಿಕ್ಕದಾದ ರಿಂಗಿನೊಳಗೆ ಮತ್ತಷ್ಟು ಜಾಗ ಹೋಯಿತು. ರಟ್ಟಿನ ತೋಪಿನಲ್ಲಿ ಟ್ರನಿಯನ್ ಸೂಜಿಯನ್ನು ಬ್ರೀಚಿನ ಕಡೆಗೆ 10 ಮಿ.ಮೀ. ಸರಿಸಿ ಚುಚ್ಚಿ, ಒಳಗೆ ಎಷ್ಟು ಜಾಗ ಬಿಡುಗಡೆಯಾಗುತ್ತದೆ ನೋಡಿ: ಅಸಲಿನಲ್ಲಿ 10 ಸೆಂ.ಮೀ. ಆದರೆ ಮೂತಿ ಭಾರವಾಗುತ್ತದೆ, ಹೆಗಲಿಗೆ ಜಗ್ಗುವುದಿಲ್ಲ, ಗಿಯರ್ ಬೇಕೇ ಬೇಕು. ಉದ್ದದ 6 ಪೌಂಡರಿನ ಮೂತಿಯ ಬಳೆಯೂ ಇದೇ ತಕ್ಕಡಿ ಲೆಕ್ಕದ್ದು. 75 ಮಿ.ಮೀ. ತೋಪು ಬಂದಾಗ ಕೊನೆಗೂ ಗಿಯರಿಗೆ ಬದಲಾದರು. ದೂರದ ಗುರಿಗೆ ಸಿಡಿಗುಂಡು ಹಾಕಬೇಕಾದರೆ ತೋಪು ಹೊಂದಿಸಿದ ಕೋನದಲ್ಲೇ ನಿಲ್ಲಬೇಕು, ಉಸಿರಾಡುವ ಹೆಗಲಿನ ಮೇಲೆ ಅದು ನಿಲ್ಲುವುದಿಲ್ಲ.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ: ಟರೆಟ್ಟನ್ನು ಯಂತ್ರಶಕ್ತಿಯಿಂದ ತಿರುಗಿಸುವ ವಿಷಯದಲ್ಲಿ ಬ್ರಿಟಿಷ್ ಟ್ಯಾಂಕುಗಳು ಚೆನ್ನಾಗಿದ್ದವು.

ಮ್ಯಾಂಟ್ಲೆಟ್ ಒಳಗೋ ಹೊರಗೋ

ತೋಪಿನ ಬುಡಕ್ಕೆ ಮುಚ್ಚಿದ ಕವಚದ ಗುರಾಣಿ ಮ್ಯಾಂಟ್ಲೆಟ್. ಮುಖದ ತಗಡಿನ ಹಿಂದೆ ಇದ್ದರೆ ಒಳಮ್ಯಾಂಟ್ಲೆಟ್, ಮುಂದೆ ಇದ್ದರೆ ಹೊರಮ್ಯಾಂಟ್ಲೆಟ್. ಚರ್ಚಿಲ್ ಮಾರ್ಕ್ 3, 4 ಹಾಗೂ ಕ್ರಾಮ್‌ವೆಲ್ ಒಳಮ್ಯಾಂಟ್ಲೆಟ್ಟಿನವು. ಮುಖದಲ್ಲಿ ಚೌಕ ತೂತು, ಅದರ ಹಿಂದೆ ಗುರಾಣಿ. ತೂತಿನ ಅಗಲ, ಎತ್ತರ ಅಳೆದು ಮುಖದ ತಗಡಿನ ಒಟ್ಟು ವಿಸ್ತೀರ್ಣದೊಂದಿಗೆ ಹೋಲಿಸಿ. ಬಿಸಿಲಿನಲ್ಲಿ ಆ ತೂತಿನೊಳಗೆ ಕಪ್ಪು ನೆರಳು ಬಿದ್ದು ಶತ್ರು ಗನ್ನರುಗಳಿಗೆ ಗುರಿಚೌಕವೇ ಸಿಕ್ಕಂತಾಗುತ್ತಿತ್ತು ಎಂಬುದು ಚರ್ಚಿಲ್ ಬಗ್ಗೆ ಕೇಳಿಬಂದ ದೂರು.

ಟ್ಯುನೀಷಿಯಾದಲ್ಲಿ ಪರ್ಸಿ ಮೊರೆಲ್ ಎಂಬ ಕ್ಯಾಪ್ಟನ್ ಇದಕ್ಕೆ ಕಂಡುಕೊಂಡ ಪರಿಹಾರವನ್ನು ರಟ್ಟಿನಲ್ಲಿ ಮಾಡಿ ನೋಡಬೇಕು. ಹಾಳಾದ ಶೆರ್ಮನ್ನುಗಳಿಂದ 75 ಮಿ.ಮೀ. ತೋಪನ್ನು ಹೊರಮ್ಯಾಂಟ್ಲೆಟ್ ಸಮೇತ ಬಿಚ್ಚಿ, ಚರ್ಚಿಲ್ ಮಾರ್ಕ್ 4ರ ಎರಕದ ಟರೆಟ್ಟಿನ ತೂತನ್ನು ಹಿಗ್ಗಿಸಿ ಕೂರಿಸಿದರು. ಒಂದು ತೊಡಕಿತ್ತು. ಬ್ರಿಟಿಷ್ ಟರೆಟ್ಟಿನಲ್ಲಿ ಗನ್ನರ್ ಎಡಕ್ಕೆ, ಲೋಡರ್ ಬಲಕ್ಕೆ. ಶೆರ್ಮನ್ನಿನಲ್ಲಿ ತದ್ವಿರುದ್ಧ. ತೋಪನ್ನು ಅದರ ಅಚ್ಚಿನ ಸುತ್ತ 180 ಡಿಗ್ರಿ ಮಗುಚಿ ಕೂರಿಸಿದಾಗ ಬ್ರೀಚ್ ಬಲಗಡೆಯ ಲೋಡರನಿಗೆ ಎಟುಕಿತು. ಸುಮಾರು 200 ಟ್ಯಾಂಕುಗಳು ಹೀಗೆ ಮಾರ್ಪಟ್ಟು ಇಟಲಿಯಲ್ಲಿ ಕಾದಿದವು. ಯಾವ ಟ್ಯಾಂಕಿನ ಮೇಲೆ ಬೇರೆ ದೇಶದ ತೋಪು ಕಂಡರೂ ಮೊದಲು ಲೋಡರ್ ಯಾವ ಬದಿ ಎಂದು ಕೇಳಿಕೊಳ್ಳಿ.

ಟರೆಟ್ಟಿನ ಪಕ್ಕಗಳು ಕೆಳಗೆ ಒಳಮುಖವಾಗಿ ಇಳಿಜಾರಾಗಿದ್ದರೆ, ಕ್ರೂಸೇಡರಿನಲ್ಲಿ ಇರುವಂತೆ, ಸ್ಕೇಲನ್ನು ಗುಂಡು ಬರುವ ದಿಕ್ಕಿಗೆ ಹಿಡಿದು ಜಾರಿಸಿ ನೋಡಿ. ಗುಂಡು ಜಾರಿ ಹೋಗುವುದು ಹಲ್ಲಿನ ಚಾವಣಿಗೂ ರಿಂಗಿಗೂ.

ತಲೆ ಎಣಿಸಿ

ಟರೆಟ್ಟಿನಲ್ಲಿ ಎಷ್ಟು ಜನ? ಇದನ್ನು ತೋಪಿನ ಹೆಸರಿನ ಪಕ್ಕದಲ್ಲೇ ಬರೆಯಬೇಕು. ಕ್ರೂಸೇಡರಿಗೆ 6 ಪೌಂಡರ್ ಹಾಕಿದಾಗ ಲೋಡರನಿಗೆ ಜಾಗವೇ ಉಳಿಯಲಿಲ್ಲ. ಟರೆಟ್ಟಿನಲ್ಲಿ ಇಬ್ಬರೇ, ಕಮಾಂಡರೇ ಗುಂಡು ತುಂಬಬೇಕು. ಸುತ್ತ ನೋಡುವುದು, ಗುರಿ ಹುಡುಕುವುದು, ಚಾಲಕನಿಗೆ ಹೇಳುವುದು, ರೇಡಿಯೊ ಕೇಳುವುದು, ಗುಂಡು ತುಂಬುವುದು ಎಲ್ಲ ಒಬ್ಬನದೇ. ಗುಂಡು ತುಂಬಲು ತಲೆ ಒಳಗೆ ಹಾಕಿದ ಹೊತ್ತಿನಲ್ಲಿ ಟ್ಯಾಂಕಿಗೆ ಕಣ್ಣಿಲ್ಲ. ವ್ಯಾಲೆಂಟೈನ್ ಮಾರ್ಕ್ 3 ಮತ್ತು 5ರಲ್ಲಿ ಕಷ್ಟಪಟ್ಟು ಟರೆಟ್ಟಿಗೆ ಮೂರನೆಯವನನ್ನು ತಂದಿದ್ದರು. ಮಾರ್ಕ್ 8, 9ರಲ್ಲಿ 6 ಪೌಂಡರ್ ಬಂದಾಗ ಮತ್ತೆ ಇಬ್ಬರಾದರು, ಜೊತೆಗೆ ತೋಪಿನ ಪಕ್ಕದ ಬೆಸಾ ಮೆಷಿನ್ ಗನ್ನನ್ನೂ ತೆಗೆದುಹಾಕಬೇಕಾಯಿತು. ಎದುರು ಬಂದ ಕಾಲಾಳುಗಳಿಗೆ ಆ ಟ್ಯಾಂಕ್ ಏನು ಮಾಡಬೇಕಿತ್ತು? ಮಾರ್ಕ್ 10ರಲ್ಲಿ ಬೆಸಾ ಮರಳಿತು, ಗುಂಡುಗಳ ಸಂಖ್ಯೆ ಕಡಿಮೆಯಾಯಿತು.

ಚಾಲೆಂಜರ್ ಇದರ ಇನ್ನೊಂದು ತುದಿ. ಕ್ರಾಮ್‌ವೆಲ್ ರಿಂಗಿಗೆ 17 ಪೌಂಡರ್ ಹಿಡಿಯದ ಕಾರಣ ಹಲ್ಲನ್ನು ಉದ್ದ ಮಾಡಿ, ಬದಿಗೊಂದು ಚಕ್ರ ಹೆಚ್ಚಿಸಿ, ಎತ್ತರದ ದೊಡ್ಡ ಟರೆಟ್ ಕೂರಿಸಿದರು. ಭಾರಿ ಗುಂಡುಗಳಿಗೆಂದು ಇಬ್ಬರು ಲೋಡರುಗಳು, ಆ ಜಾಗಕ್ಕೆ ಇನ್ನಷ್ಟು ದೊಡ್ಡ ಟರೆಟ್, ಆ ತೂಕ ಸರಿದೂಗಿಸಲು ಮುಖದ ಕವಚ 76 ಮಿ.ಮೀ. ಬದಲು 63. 200 ಟ್ಯಾಂಕುಗಳಷ್ಟೇ ತಯಾರಾದವು. ಫೈರ್‌ಫ್ಲೈ ಒಬ್ಬನೇ ಲೋಡರನೊಂದಿಗೆ ಅದೇ ತೋಪನ್ನು ನಡೆಸಿತು. ಹಾಗಾಗಿ ಎರಡನೆಯ ಲೋಡರ್ ಎಂಬ ಒಂದು ತೀರ್ಮಾನವೇ ಈ ಟ್ಯಾಂಕನ್ನು ಕೆಡಿಸಿತು ಎಂದು ಹೇಳಲು ಹಿಂಜರಿಯಬೇಕಿಲ್ಲ.

ಗುಂಡಿನ ಪಟ್ಟಿ

ತೋಪಿನ ವ್ಯಾಸಕ್ಕಿಂತ ಆ ವರ್ಷ ಟ್ಯಾಂಕಿನೊಳಗೆ ಯಾವ ಗುಂಡುಗಳು ಇದ್ದವು ಎಂಬುದು ಮುಖ್ಯ. 2 ಪೌಂಡರಿನ ದೊಡ್ಡ ಕೊರತೆ ಭೇದನ ಶಕ್ತಿಯದಲ್ಲ. ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಅದರ ಟ್ಯಾಂಕುಗಳ ಬಳಿ ಇದ್ದದ್ದು ಬರೀ ಗಟ್ಟಿಗುಂಡು, ಸಿಡಿಗುಂಡು ಹಂಚಿಕೆಯಾಗಿರಲಿಲ್ಲ. ಹೊಂಡದಲ್ಲಿ ಕೂತ ಟ್ಯಾಂಕ್ ನಿರೋಧಕ ತೋಪಿನವರನ್ನು ಗಟ್ಟಿಗುಂಡಿನಿಂದ ಹೊಡೆಯಬೇಕಾದರೆ ತೋಪಿಗೇ ನೇರವಾಗಿ ತಾಗಬೇಕು. ಇಲ್ಲವೇ ಮೆಷಿನ್ ಗನ್ ಎಟುಕುವಷ್ಟು ಹತ್ತಿರ ಹೋಗಬೇಕು, ಅಷ್ಟರಲ್ಲಿ ಆ ತೋಪು ಟ್ಯಾಂಕನ್ನು ಹೊಡೆದಿರುತ್ತದೆ. 3 ಇಂಚಿನ ಹೊವಿಟ್ಜರ್ ಹೊತ್ತ ಟ್ಯಾಂಕುಗಳು ಜೊತೆಗಿದ್ದರೂ ಅವು ಮುಖ್ಯವಾಗಿ ಹೊಗೆಗುಂಡು ಒಯ್ಯುತ್ತಿದ್ದವು. 1942ರ ಮೇ ತಿಂಗಳಲ್ಲಿ ಗಜಾಲಾ ಕದನಕ್ಕೆ ಅಮೆರಿಕದ ಗ್ರಾಂಟ್ ಬಂದಾಗ ಅದನ್ನು ಸ್ವಾಗತಿಸಿದ್ದು 75 ಮಿ.ಮೀ. ಸಿಡಿಗುಂಡಿಗಾಗಿ. ತೋಪು ಹಲ್ಲಿನ ಒಂದು ಬದಿಯಲ್ಲಿದ್ದು, ದಿಬ್ಬದ ಮರೆಯಲ್ಲಿ ನಿಂತು ಹೊಡೆಯಲಾಗದ ಕುಂದನ್ನು ಸಹಿಸಿಕೊಂಡರು.

ಬ್ರಿಟಿಷ್ 75 ಮಿ.ಮೀ. ತೋಪನ್ನು ಅಳೆಯುವಾಗ ಇದೇ ಮಾತು ನೆನಪಿರಲಿ. ಅದು 6 ಪೌಂಡರಿನ ನಳಿಗೆಯನ್ನೇ ಕೊರೆದು ಹಿಗ್ಗಿಸಿ ಅಮೆರಿಕದ 75 ಮಿ.ಮೀ. ಗುಂಡು ಹಾರುವಂತೆ ಮಾಡಿದ್ದು, ಅದೇ ಜೋಡಣೆಯಲ್ಲಿ ಕೂರುತ್ತದೆ. ಸಿಡಿಗುಂಡು ಚೆನ್ನಾಯಿತು, ಕವಚ ಭೇದಿಸುವ ಶಕ್ತಿ 6 ಪೌಂಡರಿಗಿಂತ ಕುಗ್ಗಿತು. 1944ರಲ್ಲಿ 6 ಪೌಂಡರಿಗೆ ತೊಗಟೆ ಕಳಚುವ ಹೊಸ ಭೇದಕ ಗುಂಡು ಬಂದ ಮೇಲಂತೂ ಅಂತರ ಇನ್ನೂ ದೊಡ್ಡದಾಯಿತು. 'ಮಿ.ಮೀ. ಹೆಚ್ಚಾದರೆ ತೋಪು ಬಲವಾಯಿತು' ಎಂಬ ಅಳತೆ ಇಲ್ಲಿ ಸಂಪೂರ್ಣ ಸೋಲುತ್ತದೆ.

ತಾರೀಖಿನ ಕಂಬ

ಪ್ರತಿ ತೋಪಿಗೂ ಮೂರು ತಾರೀಖು ಬರೆಯಿರಿ: ವಿನ್ಯಾಸ ಶುರು, ತಯಾರಿಕೆ ಶುರು, ಟ್ಯಾಂಕಿನ ಮೇಲೆ ಕದನಕ್ಕೆ. 6 ಪೌಂಡರ್: 1938, 1941ರ ನವೆಂಬರ್, 1942. ನಡುವಿನ ಮೂರು ವರ್ಷಕ್ಕೆ ಬಹುಪಾಲು ಕಾರಣ 1940ರಲ್ಲಿ ಡಂಕರ್ಕ್‌ನಿಂದ ಸೇನೆ ಹಿಮ್ಮೆಟ್ಟಿದ್ದು. ಫ್ರಾನ್ಸಿನಲ್ಲಿ ನೂರಾರು ಟ್ಯಾಂಕ್ ನಿರೋಧಕ ತೋಪುಗಳನ್ನು ಬಿಟ್ಟು ಬಂದ ಮೇಲೆ, ಆಕ್ರಮಣದ ಭಯದಲ್ಲಿ, ಕೈಯಲ್ಲಿದ್ದ 2 ಪೌಂಡರಿನ ಸಾಲನ್ನು ನಿಲ್ಲಿಸಿ ಹೊಸದಕ್ಕೆ ಯಂತ್ರ ಹೂಡುವ ಧೈರ್ಯ ಮಾಡಲಿಲ್ಲ. 1940ರ ಬೇಸಿಗೆಯಲ್ಲಿ ಅದು ತಪ್ಪಾಗಿರಲಿಲ್ಲ. 1938ರಿಂದಲೇ 6 ಪೌಂಡರ್ ಬರುತ್ತದೆಂದು ಗೊತ್ತಿದ್ದೂ ಅದು ಹಿಡಿಸುವ ರಿಂಗನ್ನು ಹೊಸ ಟ್ಯಾಂಕುಗಳಿಗೆ ಕೊಡದೆ ಇದ್ದದ್ದು ತಪ್ಪು. ಜರ್ಮನರ ಪ್ಯಾಂಜರ್ 3ನ್ನು ಪಕ್ಕದಲ್ಲಿ ಬರೆಯಿರಿ: ಮೊದಲು 37 ಮಿ.ಮೀ. ತೋಪು ಹಾಕಿದಾಗಲೂ 50 ಮಿ.ಮೀ. ಹಿಡಿಯುವಷ್ಟು ರಿಂಗ್ ಬಿಟ್ಟಿದ್ದರು.

17 ಪೌಂಡರಿನ ಕಂಬ ಇನ್ನೂ ಕಹಿ. 1943ರ ಆರಂಭದಲ್ಲೇ 25 ಪೌಂಡರಿನ ಗಾಡಿಯ ಮೇಲೆ ಕಟ್ಟಿ ಟ್ಯುನೀಷಿಯಾಕ್ಕೆ ಕಳಿಸಿದ್ದರು. ಟ್ಯಾಂಕಿನ ಮೇಲೆ ಬಂದದ್ದು 1944ರ ಜೂನ್, ಅದೂ ಅಮೆರಿಕದ ಟ್ಯಾಂಕಿನ ಮೇಲೆ. ವ್ಯಾಲೆಂಟೈನ್ ಹಲ್ಲಿನ ಮೇಲೆ ಹಿಮ್ಮುಖವಾಗಿ ಕೂರಿಸಿದ ಆರ್ಚರ್ 1944ರ ಕೊನೆಗೆ ಬಂತು. ಅದರಲ್ಲಿ ಬ್ರೀಚ್ ಹಿಂದೆ ಸರಿಯುವುದು ಚಾಲಕನ ಜಾಗಕ್ಕೆ. 655 ತಯಾರಾದವು, ಹೊಂಚಿ ಹೊಡೆದು ಮುಂದಕ್ಕೆ ಓಡುವ ಕೆಲಸಕ್ಕೆ ಒಳ್ಳೆಯ ಬಂಡಿ, ಆದರೆ ಟ್ಯಾಂಕಲ್ಲ.

ಕೊನೆಗೆ ಕಾಮೆಟ್ಟನ್ನು ರಟ್ಟಿನಲ್ಲಿ ಮಾಡಿ, ಈ ಕ್ರಮ ಸರಿಯಾಗಿ ಕೂತಿದೆಯೋ ಎಂದು ಪರೀಕ್ಷಿಸಲು ಅದೇ ಸೂಕ್ತ. 77 ಮಿ.ಮೀ. ಎಂದು ಹೆಸರಿಟ್ಟರೂ ವ್ಯಾಸ 76.2, 17 ಪೌಂಡರಿನದೇ ಗುಂಡು. ಖೋಲು ಮಾತ್ರ 583ರ ಬದಲು 420 ಮಿ.ಮೀ. 64 ಇಂಚಿನ ರಿಂಗಿನ ಗೆರೆ 163 ಮಿ.ಮೀ. ಎಳೆದು, 42 ಮಿ.ಮೀ. ಪಟ್ಟಿಯನ್ನು ಬ್ರೀಚಿಗೆ ಹಿಡಿಯಿರಿ. ಆಮೇಲೆ ಅದೇ ಜಾಗದಲ್ಲಿ 58 ಮಿ.ಮೀ. ಪಟ್ಟಿ ಹಿಡಿದು ನೋಡಿ. ವೇಗದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಜಾಗ ಗೆದ್ದ ಲೆಕ್ಕ ಆ 16 ಮಿ.ಮೀ. ವ್ಯತ್ಯಾಸದಲ್ಲೇ ಇದೆ. ತಾರೀಖಿನ ಕಂಬದಲ್ಲಿ ಅದರ ಮುಂದೆ ಬರೆಯಬೇಕಾದದ್ದು: ಪಡೆಗಳಿಗೆ 1944ರ ಡಿಸೆಂಬರ್, ಕದನಕ್ಕೆ 1945ರ ಮಾರ್ಚ್.